ಹೂಮಳೆ ಆಯ್ತು, ತೋಟ ಬಿಳಿಯಾಯ್ತು: ನಿಮ್ಮ ಮನೆಯಲ್ಲಿ ಏನೇನು ನಡೀತು, ಹೇಳಿ

ನಾಪೋಕ್ಲು_ಕಣ · ಮಾರ್ಚ್ 8, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 27ರ ಸಂಜೆ ನಮ್ಮಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತು. 110 ಸೆಂಟ್, ಅಂದರೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಗುಡುಗು ಕೇಳಿದ ಕೂಡಲೇ ಕಣದಲ್ಲಿ ಹರಡಿದ್ದ ಕಾಳುಮೆಣಸು ಬಾಚಲು ಮನೆಯವರೆಲ್ಲ ಓಡಿದೆವು. ಅರ್ಧ ಒಳಗೆ ಬಂತು, ಅರ್ಧ ಟಾರ್ಪಾಲ್ ಕೆಳಗೆ ಉಳಿಯಿತು. ಆಮೇಲೆ ನಮ್ಮ ಮಾವ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಏಳಲೇ ಇಲ್ಲ. ಊಟಕ್ಕೆ ಕರೆದರೆ, "ನಾನು ಎದ್ದರೆ ಅದೂ ಎದ್ದು ಹೋಗುತ್ತೆ, ಸುಮ್ನಿರು" ಅಂದರು. ಮಳೆ ನಿಂತಾಗ ಒಂಬತ್ತೂವರೆ. ಆಮೇಲೇ ಅವರು ಊಟ ಮಾಡಿದ್ದು.

ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಬಾಗಿಲು ತೆಗೆದರೆ ಪೂರ್ತಿ ರೊಬಸ್ಟಾ ಕಾಫಿ ತೋಟ ಬಿಳಿ. ಗಾಳಿ ಇಲ್ಲದಿದ್ದರೂ ಅಡುಗೆಮನೆವರೆಗೆ ಪರಿಮಳ. ಒಲೆ ಮೇಲಿದ್ದ ಹಾಲು ಉಕ್ಕಿದ್ದು ಯಾರಿಗೂ ಗೊತ್ತಾಗಲಿಲ್ಲ.

ಭಾನುವಾರ ಅಲ್ವಾ, ಮಗ ಮತ್ತು ಲೈನ್ ಮನೆಯ (ಆಳುಗಳ ಸಾಲುಮನೆಯ) ಇಬ್ಬರು ಹುಡುಗರು ಏಳು ಗಂಟೆಗೇ ಕ್ರಿಕೆಟ್ ಶುರು ಮಾಡಿದ್ದರು. ಮೂರನೇ ಬಾಲಿಗೇ ಚೆಂಡು ತೋಟದೊಳಗೆ ಹೋಯಿತು. ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ: ಹೂ ಅರಳಿದ ಮೂರು ದಿನ ತೋಟಕ್ಕೆ ಯಾರೂ ಕಾಲಿಡುವ ಹಾಗಿಲ್ಲ. ಆಳುಗಳಿಗೂ ಆ ಕಡೆ ಕೆಲಸ ಇಲ್ಲ.

"ಅಜ್ಜ, ಚೆಂಡು ಅಲ್ಲೇ ಕಾಣ್ತಿದೆ. ನಾಲ್ಕೇ ಹೆಜ್ಜೆ" ಅಂದ ಮಗ.

"ಆ ನಾಲ್ಕು ಹೆಜ್ಜೆಗೆ ಎಷ್ಟು ಹೂ ಉದುರುತ್ತೆ ಅಂತ ಎಣಿಸಿ ಹೇಳು. ಆಮೇಲೆ ಹೋಗುವಿಯಂತೆ" ಅಂದರು ಮಾವ.

ಮೂವರೂ ಈಗ ಬೇಲಿ ಪಕ್ಕ ಕೂತು ನಿಜವಾಗಿಯೂ ಎಣಿಸುತ್ತಿದ್ದಾರೆ. ಒಂದು ಗೆಣ್ಣಿನಲ್ಲೇ 40 ದಾಟಿತಂತೆ. ಒಬ್ಬ ಎಣಿಸುತ್ತಾನೆ, ಒಬ್ಬ ಬೆರಳು ಮಡಚುತ್ತಾನೆ, ಇನ್ನೊಬ್ಬ ಚೆಂಡನ್ನು ಕಾಯುತ್ತಿದ್ದಾನೆ.

ನಿಮ್ಮಲ್ಲಿ ಹೂ ಬಂತಾ? ಈ ದಿನಗಳಲ್ಲಿ ಮನೆಯಲ್ಲಿ ನಡೆದ ಸಣ್ಣಪುಟ್ಟ ಸಂಗತಿ ಏನಿದ್ದರೂ ಬರೆಯಿರಿ. ಓದಬೇಕು ಅಂತ ತುಂಬಾ ಆಸೆ.

ಸೋಮವಾರಪೇಟೆ_ಸೊಸೆ · ಮಾರ್ಚ್ 8, ಬೆಳಿಗ್ಗೆ 9:25

ಅಕ್ಕಾ, ನಮ್ಮ ಕಡೆ ಅರೇಬಿಕಾ ಜಾಸ್ತಿ. ಇನ್ನೂ ಮೊಗ್ಗಲ್ಲೇ ಇದೆ, ಮಳೆ ಕಾಯುತ್ತಿದ್ದೇವೆ. ಚೆಂಡು ಸಿಕ್ಕಿದ ಮೇಲೆ ದಯವಿಟ್ಟು ಇಲ್ಲಿ ತಿಳಿಸಿ, ಮರೀಬೇಡಿ.

ನನ್ನ ತವರು ಮಂಡ್ಯ. ಅಲ್ಲಿ ಮಳೆ ಬಂದರೆ "ಮಳೆ ಬಂತು" ಅಂತೀವಿ, ಮುಗೀತು. ಇಲ್ಲಿ ಮಳೆ ನಿಂತ ಐದು ನಿಮಿಷಕ್ಕೆ ಫೋನ್ ಶುರು. ನಮಸ್ಕಾರ ಇಲ್ಲ, ಊಟ ಆಯ್ತಾ ಇಲ್ಲ, ನೇರವಾಗಿ "ಎಷ್ಟು?" ಅಂತ ಒಂದೇ ಮಾತು. ಈ ಕಡೆಯಿಂದ "ಅರವತ್ತು" ಅಂದರೆ ಆ ಕಡೆ ಸಂತೋಷದ ಒಂದು ಉಸಿರು ಕೇಳಿಸುತ್ತೆ, ಇಲ್ಲವೇ ಹೊಟ್ಟೆಕಿಚ್ಚಿನ ಉಸಿರು.

ಎರಡು ವರ್ಷದ ಹಿಂದೆ ನಮ್ಮಮ್ಮ ಬಂದಿದ್ದರು. ನಾವೆಲ್ಲ ಅಂಗಳದಲ್ಲಿದ್ದಾಗ ಫೋನ್ ಬಡಿಯಿತು, ಅವರೇ ಎತ್ತಿದರು. ಆ ಕಡೆಯಿಂದ "ನಿಮ್ಮಲ್ಲಿ ಎಷ್ಟು ಬಂತು?" ಅಂತ ಕೇಳಿದ್ದಾರೆ. ಅಮ್ಮ ಬಹಳ ವಿನಯದಿಂದ, "ನಾಲ್ಕು ಜನ ಬಂದಿದ್ದೀವಿ ಅಣ್ಣ, ನಾಳಿದ್ದು ಹೊರಡ್ತೀವಿ" ಅಂದರು. ಕೇಳಿದವರು ನಮ್ಮ ಯಜಮಾನರ ಚಿಕ್ಕಪ್ಪ. ಅವರೂ ಗಂಭೀರವಾಗಿ, "ಅಷ್ಟು ಬೇಗ ಯಾಕಮ್ಮ, ಇನ್ನೆರಡು ದಿನ ಇರಿ, ಇನ್ನೂ ಬರೋದಿದೆ" ಅಂದರಂತೆ. ಅವರು ಹೇಳಿದ್ದು ಮಳೆಯ ವಿಚಾರ. ಅಮ್ಮ ಅದನ್ನು ಉಪಚಾರ ಅಂದುಕೊಂಡು ಒಂದು ವಾರ ಉಳಿದರು! ಆ ವಾರ ನನ್ನ ಮದುವೆಯಾದ ಮೇಲಿನ ಅತ್ಯಂತ ಒಳ್ಳೆಯ ವಾರ. ಈಗಲೂ ಮೊದಲ ಮಳೆ ಬಿದ್ದ ರಾತ್ರಿ ಚಿಕ್ಕಪ್ಪ ಸೆಂಟ್ ಕೇಳಿದ ಮೇಲೆ, "ಮಂಡ್ಯದವರು ಎಷ್ಟು ಜನ ಬಂದ್ರು?" ಅಂತಲೂ ಕೇಳುತ್ತಾರೆ. ಈ ಸಲ ಅಮ್ಮನನ್ನು ಈಗಲೇ ಕರೆಸಿಕೊಳ್ಳಬೇಕು.

ಪೊನ್ನಂಪೇಟೆ_ಮೇಷ್ಟ್ರು · ಮಾರ್ಚ್ 8, ಬೆಳಿಗ್ಗೆ 11:02

ಹೊರಗಿನ ಊರಿಂದ ಬಂದು ಓದುವವರಿಗಾಗಿ ಒಂದು ಮಾತು. ನೂರು ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಪತ್ರಿಕೆಯಲ್ಲಿ ಮಿಲಿಮೀಟರ್ ಬರೆದರೂ ಕೊಡಗಿನ ತೋಟದ ಮನೆಗಳಲ್ಲಿ ಇಂಚು, ಸೆಂಟೇ ನಡೆಯೋದು. ಹೂ ಬಿಡಿಸಲು ಹತ್ತಿರ ಹತ್ತಿರ ಒಂದು ಇಂಚು ಬೇಕು. ಬರೀ ಹನಿ ಉದುರಿ ಹೋದರೆ ಮೊಗ್ಗು ಅರ್ಧಕ್ಕೇ ನಿಂತು ಹಾಳಾಗುತ್ತದೆ. ಬೇಸಿಗೆಯ ಗುಡುಗು ಮೋಡ ಚಿಕ್ಕದು, ಈ ಗುಡ್ಡಕ್ಕೆ ಸುರಿದು ಪಕ್ಕದ ಗುಡ್ಡವನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಪ್ರತಿ ಮನೆಗೂ ಒಂದೊಂದು ಮಳೆ ಮಾಪಕ, ಪ್ರತಿ ಮನೆಗೂ ಒಂದೊಂದು ಲೆಕ್ಕ.

ನಮ್ಮ ಮನೆಯಲ್ಲಿ 1968ರಿಂದ ಮಳೆ ಡೈರಿಗಳಿವೆ. ಅಪ್ಪ ಅಂಕಿ ಬರೆಯುತ್ತಿದ್ದರು. ಬೆಳಿಗ್ಗೆ ಎಂಟು ಗಂಟೆಗೆ ಅಳತೆ ನೋಡಿ, ಶಾಯಿ ಪೆನ್ನಿನಲ್ಲಿ ಎರಡೇ ಅಕ್ಷರ. ಅಪ್ಪ ತೋಟಕ್ಕೆ ಹೋದ ಮೇಲೆ ಅವ್ವ ಅದೇ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಏನಾದರೂ ಸೇರಿಸುತ್ತಿದ್ದರು. ಅಪ್ಪನಿಗೆ ಗೊತ್ತಿತ್ತು, ಆದರೆ ಒಂದು ದಿನವೂ ಅಳಿಸಲಿಲ್ಲ. ಕಳೆದ ವಾರ ಧೂಳು ಹೊಡೆಯುವಾಗ ತೆಗೆದು ಓದಿದೆ. ಕೆಲವನ್ನು ಇಲ್ಲಿ ಇಳಿಸುತ್ತೇನೆ.

"ಮಾರ್ಚ್ 14. 35 ಸೆಂಟ್." ಪಕ್ಕದಲ್ಲಿ: "ಕಪ್ಪಿ ಕರು ಹಾಕಿತು. ಹೆಣ್ಣು."

"ಮಾರ್ಚ್ 29. ಇಲ್ಲ." ಪಕ್ಕದಲ್ಲಿ: "ಮೊಗ್ಗು ಕೆಂಪಾಗ್ತಾ ಇದೆ. ಇವರು ಮಾತು ಬಿಟ್ಟಿದ್ದಾರೆ."

"ಮಾರ್ಚ್ 30. ಇಲ್ಲ." ಪಕ್ಕದಲ್ಲಿ: "ಇವತ್ತೂ ಮಾತಿಲ್ಲ."

"ಏಪ್ರಿಲ್ 2. 90 ಸೆಂಟ್." ಪಕ್ಕದಲ್ಲಿ: "ಪಾಯಸ. ಹಾಡು ಹೇಳಿದರು."

ನಮ್ಮಪ್ಪ ಹಾಡು ಹೇಳಿದ್ದನ್ನು ನಾನು ನನ್ನ ಜೀವನದಲ್ಲಿ ಕೇಳಿಲ್ಲ. ಹೇಳಿದ್ದಾರೆ ಅಂತ ಈಗ ಗೊತ್ತಾಯಿತು.

ನಾಪೋಕ್ಲು_ಕಣ · ಮಾರ್ಚ್ 8, ಬೆಳಿಗ್ಗೆ 11:20

ಮೇಷ್ಟ್ರೇ, ಇದನ್ನು ಗಟ್ಟಿಯಾಗಿ ಓದಿ ಹೇಳಿದೆ. ನಮ್ಮ ಅತ್ತೆ ಎದ್ದು ಒಳಗೆ ಹೋಗಿ ಒಂದು ಪೆನ್ಸಿಲ್ ಹುಡುಕಿ ತಂದಿದ್ದಾರೆ.

ಕುಶಾಲನಗರ_ಹೊಳೆ · ಮಾರ್ಚ್ 8, ಮಧ್ಯಾಹ್ನ 1:15

ಕೊಡಗು ಅಂದರೆ ಬರೀ ಕಾಫಿ ತೋಟ ಅಲ್ಲ ಅಂತ ನಮ್ಮ ಕಡೆಯಿಂದ ಒಂದು ಮಾತು ಹೇಳಲೇಬೇಕು. ನಮಗೆ ತೋಟ ಇಲ್ಲ, ಮಾಪಕ ಇಲ್ಲ. ಕಾವೇರಿಯಲ್ಲಿ ಬಂಡೆಗಳ ತಲೆ ಕಾಣಿಸಿದವು ಅಂದರೆ ನಮಗೆ ವಸಂತ ಬಂತು ಅಂತ. ಚಳಿಗಾಲದ ಹೊದಿಕೆಗಳನ್ನೆಲ್ಲ ಒಗೆಯುವ ಕಾಲ ಅದು.

ಹೋದ ಮಾರ್ಚಲ್ಲಿ ಅಜ್ಜಿ, ನಾನು, ತಂಗಿ ಸೇರಿ ದುಪ್ಪಟಿಗಳನ್ನು ಹೊಳೆಗೆ ಒಯ್ದೆವು. ಅಜ್ಜಿ ಒಗೆಯೋದು, ನಾವಿಬ್ಬರು ಎರಡು ತುದಿ ಹಿಡಿದು ಹಿಂಡೋದು. ತಂಗಿಯ ಕಾಲಿಗೆ ಮೀನು ಕಚ್ಚಿತು, ಅವಳು ಕಿರುಚಿ ಕೈಬಿಟ್ಟಳು, ದುಪ್ಪಟಿ ತೇಲಿ ಹೋಯಿತು. ಮೊಣಕಾಲು ನೀರಲ್ಲಿ ನಾನು ಅದರ ಹಿಂದೆ ಓಡುತ್ತಿದ್ದರೆ ಆ ದಡದಲ್ಲಿ ಹಸು ತೊಳೆಯುತ್ತಿದ್ದ ಅಣ್ಣ ಒಬ್ಬರು ಕೋಲಿಂದ ಎಳೆದು ಹಿಡಿದರು. ನಮ್ಮ ದಡ ಕೊಡಗು, ಆ ದಡ ಮೈಸೂರು ಜಿಲ್ಲೆ. ಅಜ್ಜಿ ಈ ಕಡೆಯಿಂದ ಕೂಗಿದರು: "ಜಿಲ್ಲೆ ಬಿಟ್ಟು ಹೋಗಿದ್ದನ್ನು ವಾಪಸ್ ಕೊಡಿಸಪ್ಪ, ಪುಣ್ಯ ಬರುತ್ತೆ!" ಅವರು ಅದನ್ನು ಹಿಂಡಿ, ಮಡಚಿ, ತಲೆ ಮೇಲೆ ಇಟ್ಟುಕೊಂಡು ಹೊಳೆ ದಾಟಿ ತಂದುಕೊಟ್ಟರು. ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಚಕ್ಕುಲಿಯನ್ನೆಲ್ಲ ಅವರಿಗೇ ಕೊಟ್ಟರು. ನಮಗೆ ಇರಲಿಲ್ಲ.

ಚೆಟ್ಟಳ್ಳಿ_ಕೆರೆ · ಮಾರ್ಚ್ 8, ಸಂಜೆ 4:40

ನಾವು ಸ್ಪ್ರಿಂಕ್ಲರ್ ಹಾಕಿ ಫೆಬ್ರವರಿಯಲ್ಲೇ ರೊಬಸ್ಟಾ ಹೂ ಬಿಡಿಸಿಕೊಂಡೆವು. ಕೆರೆ ಇರುವವರು ಈಗ ಹೀಗೇ ಮಾಡೋದು, ಮಳೆಯನ್ನೇ ನಂಬಿ ಕೂರೋಕಾಗಲ್ಲ. ಒಂದು ಪ್ರಶ್ನೆ: ಮೂರು ದಿನ ತೋಟಕ್ಕೆ ಹೋಗಬಾರದು ಅನ್ನೋದು ನಮ್ಮ ಮನೆಯಲ್ಲೂ ಇದೆ. ಇದಕ್ಕೆ ಕಾರಣ ಇದೆಯಾ, ಇಲ್ಲಾ ಹಿರಿಯರ ಮಾತಾ? ಹಾಗಾದರೆ ಆ ಮಕ್ಕಳ ಮೇಲೆ ಕರುಣೆ ತೋರಿಸಬಹುದಲ್ವಾ?

ಸಿದ್ದಾಪುರ_ತುಡುವೆ · ಮಾರ್ಚ್ 8, ರಾತ್ರಿ 8:30

ಕಾರಣ ಇದೆ. ಅರೇಬಿಕಾದಲ್ಲಿ ಒಂದೇ ಹೂವಿನ ಪರಾಗ ಅದೇ ಹೂವಿಗೆ ಆದರೂ ಕಾಯಿ ಕಟ್ಟುತ್ತದೆ. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ತಂದುಕೊಡುವುದು ಗಾಳಿ ಮತ್ತು ಜೇನು. ಹೂ ಚೆನ್ನಾಗಿರುವುದೇ ಎರಡು ಮೂರು ದಿನ. ಆಗ ನಾವು ಹೋಗಿ ರೆಂಬೆ ಅಲುಗಿಸಿದರೆ ಹೂ ಉದುರುತ್ತೆ, ಜೇನಿನ ಕೆಲಸ ಕೆಡುತ್ತೆ. ಔಷಧಿ ಹೊಡೆಯೋದಂತೂ ಬೇಡವೇ ಬೇಡ. ಆ ಅಜ್ಜನ ಪರವಾಗಿ ನಾನು ನಿಲ್ಲುತ್ತೇನೆ. ಆದರೆ ಮಕ್ಕಳ ಪರವಾಗಿ ಇನ್ನೊಂದು ಚೆಂಡು ಕೊಡಿಸಿ ಅಂತಲೂ ಕೇಳುತ್ತೇನೆ.

ಇನ್ನು ನಮ್ಮ ಕತೆ. ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ನಾನು ಚಿಕ್ಕವಳಿದ್ದಾಗ ನಮ್ಮಪ್ಪ 22 ಜೇನು ಪೆಟ್ಟಿಗೆ ಇಟ್ಟಿದ್ದರು. ಎಲ್ಲಾ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ರೋಗ ಬಂದು ದಕ್ಷಿಣದ ತುಡುವೆಗಳು ಬಹುಪಾಲು ನಾಶವಾದವಲ್ಲ, ಆಗ ನಮ್ಮ ಪೆಟ್ಟಿಗೆಗಳೂ ಒಂದೊಂದಾಗಿ ಖಾಲಿಯಾದವು. ಮರಿಗಳು ಗೂಡಿನಲ್ಲೇ ಸಾಯುತ್ತಿದ್ದವು. ಅಪ್ಪ ಖಾಲಿ ಪೆಟ್ಟಿಗೆಗಳನ್ನು ತೊಳೆದು ಅಟ್ಟದಲ್ಲಿ ಜೋಡಿಸಿಟ್ಟರು. ಒಂದನ್ನೂ ಸೌದೆ ಮಾಡಲು ಬಿಡಲಿಲ್ಲ. ಆಮೇಲೆ ತುಡುವೆ ನಿಧಾನಕ್ಕೆ ಕಾಡಿನಲ್ಲಿ ಚೇತರಿಸಿಕೊಂಡಿತು. ಆದರೆ ಅಪ್ಪ ಮತ್ತೆ ಸಾಕಲಿಲ್ಲ.

ನಾಲ್ಕು ವರ್ಷದ ಹಿಂದೆ, ಇದೇ ಮಾರ್ಚ್. ನಮ್ಮ ಯಜಮಾನರು ಬ್ಯಾಂಕಿಗೆ ಹೊರಟು ಸ್ಕೂಟರ್ ಹತ್ತಿರ ಹೋದರು. ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ ಪೂರ್ತಿ ಜೇನು! ಎಲ್ಲೋ ಒಂದು ಕುಟುಂಬ ಪಾಲಾಗಿ, ಹೊಸ ಮನೆ ಹುಡುಕುತ್ತಾ ಬಂದು ಅಲ್ಲಿ ಕೂತುಬಿಟ್ಟಿತ್ತು. ಇವರು ಅಲ್ಲೇ ಶಿಲೆಯಾದರು. ನಾನು ಅಪ್ಪನಿಗೆ ಫೋನ್ ಮಾಡಿದೆ. ಆಗ ಅವರಿಗೆ 74 ವರ್ಷ. ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ, ಆಟೋ ಹಿಡಿದು, ಮುಕ್ಕಾಲು ಗಂಟೆಯಲ್ಲಿ ಬಂದರು. ಬಂದವರು ಮಗಳನ್ನು ಮಾತಾಡಿಸಲಿಲ್ಲ, ಅಳಿಯನನ್ನು ಮಾತಾಡಿಸಲಿಲ್ಲ. ಹೆಲ್ಮೆಟ್ ಹತ್ತಿರ ಬಗ್ಗಿ, "ಬಂದ್ರಾ?" ಅಂತ ಕೇಳಿದರು. ಜೇನನ್ನು!

ಪಾಲಾಗಿ ಬಂದ ಜೇನು ಹೊಟ್ಟೆ ತುಂಬಾ ಜೇನುತುಪ್ಪ ಕುಡಿದು ಹೊರಟಿರುತ್ತೆ, ಆಗ ಕಚ್ಚೋದು ಕಡಿಮೆ. ಅಪ್ಪ ಬರಿಗೈಯಲ್ಲೇ ಹೆಲ್ಮೆಟ್ ಎತ್ತಿ ಪೆಟ್ಟಿಗೆ ಮೇಲೆ ಮೆಲ್ಲಗೆ ಕುಟ್ಟಿದರು. ರಾಣಿ ಒಳಗೆ ಬಿದ್ದಿತು, ಉಳಿದವು ಸಾಲುಗಟ್ಟಿ ಹಿಂದೆಯೇ ನಡೆದವು. ಕತ್ತಲಾಗುವ ಹೊತ್ತಿಗೆ ಎಲ್ಲಾ ಒಳಗೆ. ಯಜಮಾನರು ಆ ದಿನ ಬಸ್ಸಿನಲ್ಲಿ ಹೋದರು, ಬ್ಯಾಂಕಿನ ಬಾಗಿಲು ಹಾಕಿಬಿಟ್ಟಿತ್ತು. ಬೇಸರ ಮಾಡಿಕೊಳ್ಳಲಿಲ್ಲ ಅವರು. ಆ ಹೆಲ್ಮೆಟನ್ನು ಮತ್ತೆ ತಲೆಗೆ ಹಾಕಲೂ ಇಲ್ಲ, ಇನ್ನೊಂದು ಕೊಂಡರು. ಹಳೆಯದು ಈಗಲೂ ಜಗಲಿಯ ಮೊಳೆಯಲ್ಲಿದೆ. ಪ್ರತಿ ಮಾರ್ಚ್‌ನಲ್ಲೂ ಅಪ್ಪ ಅದರ ಒಳಗೆ ಸ್ವಲ್ಪ ಜೇನುಮೇಣ ಸವರಿ ಹೋಗುತ್ತಾರೆ, ಇನ್ನೊಂದು ಕುಟುಂಬ ಬರಲಿ ಅಂತ. ಇವತ್ತು ನಮ್ಮಲ್ಲಿ ಏಳು ಪೆಟ್ಟಿಗೆ ಇವೆ.

ಸೋಮವಾರಪೇಟೆ_ಸೊಸೆ · ಮಾರ್ಚ್ 8, ರಾತ್ರಿ 9:05

"ಬಂದ್ರಾ?" ಅನ್ನೋದನ್ನು ಓದಿ ಕಣ್ಣು ತುಂಬಿತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಬೆಂಗಳೂರಲ್ಲಿರೋ_ವಿರಾಜಪೇಟೆ · ಮಾರ್ಚ್ 9, ಬೆಳಿಗ್ಗೆ 6:50

ಇಲ್ಲಿ ಆಫೀಸ್ ಕ್ಯಾಬಿನಲ್ಲಿ ಕೂತು ಓದುತ್ತಿದ್ದೇನೆ. ನಿನ್ನೆ ನಮ್ಮ ಅವ್ವ ವಿಡಿಯೋ ಕಾಲ್ ಮಾಡಿ ಫೋನನ್ನು ಹೂವಿನ ಗೊಂಚಲಿಗೆ ಅಂಟಿಸಿಬಿಟ್ಟರು. ಪರದೆ ತುಂಬಾ ಬಿಳಿ, ಏನೂ ಕಾಣಲ್ಲ. "ಬಂತಾ?" ಅಂತ ಕೇಳಿದರು. ಬಂತು ಅವ್ವ ಅಂದೆ. ಸುಳ್ಳಲ್ಲ. 22 ವರ್ಷ ಆ ಮನೆಯಲ್ಲಿ ಬೆಳೆದಿದ್ದೇನೆ, ನೋಡಿದ ಕೂಡಲೇ ಪರಿಮಳ ಬರುತ್ತೆ.

ಆದರೂ ಅವರಿಗೆ ನಂಬಿಕೆ ಬರಲಿಲ್ಲ. ಅಂಗಳದ ಅಂಚಿನ ಗಿಡದಿಂದ ಒಂದು ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು, ರಾತ್ರಿ ಬಸ್ಸಿಗೆ ಬರುತ್ತಿದ್ದ ಪಕ್ಕದ ಮನೆ ಹುಡುಗನ ಕೈಯಲ್ಲಿ ಕಳಿಸಿದ್ದಾರೆ. ಡಬ್ಬಿ ಇವತ್ತು ಬೆಳಿಗ್ಗೆ ಐದಕ್ಕೆ ಸಿಕ್ಕಿತು. ಹೂ ಕಂದು ತಿರುಗಿದೆ. ಪರಿಮಳ ಮಾತ್ರ ಹಾಗೇ ಇದೆ. ಕೆಳಗೆ ಎರಡು ಕಡಂಬುಟ್ಟು (ಅಕ್ಕಿತರಿಯ ಉಂಡೆ) ಕೂಡ ಇತ್ತು. ಕಾಫಿ ಹೂವಿನ ವಾಸನೆ ಬರುವ ಕಡಂಬುಟ್ಟು ನೀವ್ಯಾರೂ ತಿಂದಿರಲಿಕ್ಕಿಲ್ಲ!

ಅಮ್ಮತ್ತಿ_ಫುಲ್‌ಬ್ಯಾಕ್ · ಮಾರ್ಚ್ 9, ಸಂಜೆ 5:30

ನಮಗೆ ಈ ತಿಂಗಳು ಅಂದರೆ ಹಾಕಿ ಪ್ರಾಕ್ಟೀಸ್. ಕೊಡವ ಕುಟುಂಬಗಳ ಹಾಕಿ ಹಬ್ಬ ಗೊತ್ತಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡ ಸೇರಿ ಗಿನ್ನೆಸ್ ದಾಖಲೆಯಾಯಿತು. ಒಂದೇ ತಂಡದಲ್ಲಿ ಅಜ್ಜನೂ ಆಡಬಹುದು, ಮೊಮ್ಮಗಳೂ ಆಡಬಹುದು. ನನಗೆ ಅದಕ್ಕಿಂತ ಚಂದದ ನಿಯಮ ಇನ್ನೊಂದಿಲ್ಲ.

ನಮ್ಮ ತೊಂದರೆ ಮೆಣಸು. ಪ್ರಾಕ್ಟೀಸಿಗೆ ಸಮತಟ್ಟಾದ ಜಾಗ ಅಂದರೆ ಕಣವೇ. ಈಗ ಅರ್ಧ ಕಣದಲ್ಲಿ ಕಾಳುಮೆಣಸು ಒಣಗುತ್ತಿದೆ. ಹಾಗಾಗಿ ನಾವು ಅರ್ಧ ಕಣದಲ್ಲಿ ಆಡುತ್ತೇವೆ, ಮೆಣಸಿನ ರಾಶಿಯ ಮುಂದೆ ಬಲ್ಯವ್ವ (ದೊಡ್ಡಮ್ಮ) ಸ್ಟಿಕ್ ಹಿಡಿದು ನಿಲ್ಲುತ್ತಾರೆ. ಅವರಿಗೆ 61 ವರ್ಷ. ಗೋಲ್ ಕಾಯುತ್ತಿಲ್ಲ, ಮೆಣಸು ಕಾಯುತ್ತಿದ್ದಾರೆ. ಆದರೆ ಮೆಣಸಿಗೆ ಈಗಿರುವ ಬೆಲೆಯನ್ನು ಮನಸ್ಸಲ್ಲಿಟ್ಟುಕೊಂಡು ಎಷ್ಟು ಚೆನ್ನಾಗಿ ತಡೆಯುತ್ತಾರೆ ಅಂದರೆ, ಹದಿನೈದು ದಿನದಲ್ಲಿ ಒಂದೂ ಬಾಲ್ ರಾಶಿಗೆ ಹೋಗಿಲ್ಲ. ನಿನ್ನೆ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದೆವು, ಈ ಸಲ ಗೋಲಿಗೆ ಬಲ್ಯವ್ವನೇ. ಅವರ ಷರತ್ತು ಒಂದೇ: ಗೋಲ್ ಹಿಂದೆ ಒಂದು ಚೀಲ ಮೆಣಸು ಇಡಬೇಕಂತೆ. ಇಡುತ್ತೇವೆ!

ಭಾಗಮಂಡಲ_ಮಾವು · ಮಾರ್ಚ್ 10, ಬೆಳಿಗ್ಗೆ 10:10

ಇನ್ನೊಂದು ತಿಂಗಳು ತಡೆಯಿರಿ, ಕಾಡುಮಾವು ಬೀಳೋಕೆ ಶುರುವಾಗುತ್ತೆ. ಅದರ ಸಾರು ಉಣ್ಣದೆ ನಮಗೆ ಬೇಸಿಗೆ ಮುಗಿಯಲ್ಲ. ಇಡೀ ಹಣ್ಣು, ಬೆಲ್ಲ, ಖಾರ, ಸಾಸಿವೆ. ಚಮಚ ಹಿಡಿದು ತಿನ್ನೋಕಾಗಲ್ಲ, ಗೊರಟು ಚೀಪಲೇಬೇಕು, ಮೊಣಕೈವರೆಗೆ ರಸ ಇಳಿಯಲೇಬೇಕು. ಹೋದ ವರ್ಷ ನಮ್ಮ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ನಮ್ಮಜ್ಜಿ ಬೇಕಂತಲೇ ಅದನ್ನೇ ಬಡಿಸಿದರು. ಹುಡುಗ ಮೊದಲು ಸ್ವಲ್ಪ ಹೊತ್ತು ಸುಮ್ನೆ ಎಲೆ ನೋಡಿದ. ಆಮೇಲೆ ತೋಳು ಮಡಚಿ ಐದು ಗೊರಟು ಚೀಪಿದ. ಅಜ್ಜಿ ಒಳಗೆ ಬಂದು, "ಇವನು ಆದೀತು" ಅಂದರು. ಈಗ ಅವರು ನಮ್ಮ ಭಾವ.

ಪೊನ್ನಂಪೇಟೆ_ಮೇಷ್ಟ್ರು · ಮಾರ್ಚ್ 10, ಸಂಜೆ 6:00

ಭಾವನಿಗೆ ಅಭಿನಂದನೆ. ಏಪ್ರಿಲ್ 14ರ ಎಡ್ಮ್ಯಾರ್, ಅಂದರೆ ಕೊಡವರ ಹೊಸ ವರ್ಷದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅವತ್ತು ಬೆಳಗಿನ ಜಾವ ಗದ್ದೆಗೆ ಹೋಗಿ ವರ್ಷದ ಮೊದಲ ಉಳುಮೆ ಮಾಡುತ್ತೇವೆ. ಹಿಂದೆ ಜೋಡೆತ್ತು ಇದ್ದವು, ಈಗ ಟಿಲ್ಲರ್. ಹೋದ ವರ್ಷ ನನ್ನ ಆರು ವರ್ಷದ ಮೊಮ್ಮಗಳು ಟಿಲ್ಲರಿಗೆ ಕುಂಕುಮ ಇಟ್ಟಳು, ಹೂ ಮುಡಿಸಿದಳು, ಆಮೇಲೆ ಅದರ ಮುಂದೆ ಒಂದು ಹಿಡಿ ಹುಲ್ಲು ಹಾಕಿದಳು. ಉಳುಮೆ ಮುಗಿದ ಮೇಲೆ ಹೋಗಿ ನೋಡಿ, "ತಿಂದಿಲ್ಲ ಅಜ್ಜ, ಸುಸ್ತಾಗಿದೆ" ಅಂದಳು. ಆ ದಿನ ಟಿಲ್ಲರಿಗೆ ಕೊಟ್ಟಿಗೆಯಲ್ಲೇ ಜಾಗ ಕೊಟ್ಟೆವು.

ನಾಪೋಕ್ಲು_ಕಣ · ಮಾರ್ಚ್ 11, ಸಂಜೆ 5:50

ಚೆಂಡು ಸಿಕ್ಕಿತು!

ಮೂರು ದಿನ ಮುಗಿದು ಹೂ ಬಾಡಿ ಕಂದಾಯಿತು. ಇವತ್ತು ಶಾಲೆಯಿಂದ ಬಂದವರೇ ಚೀಲ ಬಿಸಾಕಿ ಅಜ್ಜನ ಮುಂದೆ ಮೂವರೂ ಸಾಲಾಗಿ ನಿಂತರು. ಎಣಿಕೆ ಕೇಳಿದರು ಮಾವ. ಭಾನುವಾರದಿಂದ ಇವತ್ತಿನವರೆಗೆ ಬೇಲಿಯಾಚೆಯಿಂದ ಕಂಡ ಒಂದೇ ರೆಂಬೆಯ ಲೆಕ್ಕ: 612. ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ, ಮೂವರ ಸಹಿ ಇದೆ. ಮಾವ ಕನ್ನಡಕ ಹಾಕಿಕೊಂಡು ಪುಟ ನೋಡಿದರು. "ಸರಿ, ನಾಲ್ಕು ಹೆಜ್ಜೆ" ಅಂದರು.

ನಾಲ್ಕು ಹೆಜ್ಜೆಯಲ್ಲಿ ಚೆಂಡು ಇರಲಿಲ್ಲ. ದೂರದಿಂದ ಇವರು ಮೂರು ದಿನ ಕಾದದ್ದು ಒಂದು ಬಿದ್ದ ಕಿತ್ತಳೆ ಹಣ್ಣು! ನಿಜವಾದ ಚೆಂಡು ಇನ್ನೂ ಹತ್ತು ಗಿಡ ಆಚೆ, ಹಾಲುವಾಣ ಮರದ ಬೇರಿನ ಸಂದಿಯಲ್ಲಿತ್ತು. ಅದನ್ನು ಹುಡುಕಿಕೊಟ್ಟಿದ್ದು ಮಾವನೇ. ಪಂಚೆ ಎತ್ತಿ ಕಟ್ಟಿ, ರೆಂಬೆಗೆ ಮೈ ತಾಗದ ಹಾಗೆ ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಇಡುತ್ತಾ ಹೋದರು. ಬಂದ ಮೇಲೆ ಒಂದು ಓವರ್ ಬೌಲಿಂಗ್ ಕೂಡ ಮಾಡಿದರು.

ಚೆಟ್ಟಳ್ಳಿ_ಕೆರೆ · ಮಾರ್ಚ್ 11, ಸಂಜೆ 6:15

612! ಆ ಪುಟವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದೇ ರೆಂಬೆಯಲ್ಲಿ ಎಷ್ಟು ಕಾಯಿ ನಿಲ್ಲುತ್ತೆ ಅಂತ ಮಕ್ಕಳಿಗೆ ಎಣಿಸೋಕೆ ಹೇಳಿ. ಒಂದು ಬಣ್ಣದ ದಾರ ಕಟ್ಟಿಡಿ.

ನಾಪೋಕ್ಲು_ಕಣ · ಮಾರ್ಚ್ 19, ರಾತ್ರಿ 9:40

ದಾರ ಕಟ್ಟಿದೆವು, ಕೆಂಪು. ಇವತ್ತು ಸಂಜೆ ಬ್ಯಾಕಿಂಗ್ ಮಳೆಯೂ, ಅಂದರೆ ಹೂವಾದ ಮೇಲೆ ಕಾಯಿ ನಿಲ್ಲಲು ಬೇಕಾದ ಎರಡನೇ ಮಳೆಯೂ, ಬಂತು. ಹೂವಾಗಿ ಇಪ್ಪತ್ತು ದಿನದೊಳಗೆ ಬೇಕಾಗಿತ್ತು, ಸರಿಯಾದ ಹೊತ್ತಿಗೆ ಬಂದಿದೆ. ಜೊತೆಗೆ ಹತ್ತು ನಿಮಿಷ ಆಲಿಕಲ್ಲು. ಮಾವನಿಗೆ ಎಳೆಕಾಯಿಯ ಚಿಂತೆ, ಮಕ್ಕಳು ಪಾತ್ರೆ ಹಿಡಿದು ಅಂಗಳದಲ್ಲಿ. ಪುಣ್ಯಕ್ಕೆ ಕಲ್ಲು ಸಣ್ಣದಿತ್ತು, ದಾರದ ರೆಂಬೆಗೆ ಏನೂ ಆಗಿಲ್ಲ. ಮೂವರೂ ಟಾರ್ಚ್ ಹಿಡಿದು ನೋಡಿ ಬಂದರು.

ಮಾವ ಡೈರಿಯಲ್ಲಿ "70 ಸೆಂಟ್" ಅಂತ ಬರೆದು ಮಲಗಿದ್ದಾರೆ. ಅತ್ತೆ ಈಗ ಅಡುಗೆಮನೆ ದೀಪದ ಕೆಳಗೆ ಪೆನ್ಸಿಲ್ ಹಿಡಿದು ಕೂತಿದ್ದಾರೆ. ಏನು ಬರೀತಿದ್ದೀರಿ ಅಂತ ಕೇಳಿದರೆ ಕೈ ಅಡ್ಡ ಇಟ್ಟುಕೊಂಡರು.

ಸೋಮವಾರಪೇಟೆ_ಸೊಸೆ · ಮಾರ್ಚ್ 19, ರಾತ್ರಿ 9:52

ನಮ್ಮಲ್ಲಿ 95! ಈಗ ನಿಂತಿತು. ಚಿಕ್ಕಪ್ಪನ ಫೋನ್ ಬಡೀತಿದೆ, ಅಮ್ಮನೇ ಎತ್ತುತ್ತಾರಂತೆ.